ಡಿಪ್ ಹಾಕಿದರೆ ರಸ್ತೆ ಕಾಣುವುದಿಲ್ಲ

ಕಲಬುರಗಿಯಿಂದ ರಾತ್ರಿ ಯಾವ ಕಡೆ ಹೊರಟರೂ ಒಂದೇ ಪಾಡು. ಹುಮನಾಬಾದ್ ರಸ್ತೆ ಇರಲಿ, ಜೇವರ್ಗಿ ರಸ್ತೆ ಇರಲಿ, ಎದುರಿನವರು ದೂರಕ್ಕೆ ಹೊಡೆಯುವ ಹೈ ಬೀಮನ್ನು ಡಿಪ್‌ಗೆ, ಅಂದರೆ ಕೆಳಕ್ಕೆ ಬೀಳುವ ಬೆಳಕಿಗೆ, ಇಳಿಸುವುದಿಲ್ಲ. ನಾನು ಅಫಜಲಪುರ ರಸ್ತೆಯಲ್ಲಿ ಓಡಾಡುವವಳು. ಕಾಲೇಜು ಮುಗಿಸಿ ಹೊರಡುವ ಹೊತ್ತಿಗೆ ಚಳಿಗಾಲದಲ್ಲಿ ಕತ್ತಲು ಬಿದ್ದಿರುತ್ತದೆ. ಈ ಹೈ ಬೀಮ್ ವಿಷಯ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಕೇಳುವ ಮಾತು ಒಂದೇ: ನಮ್ಮ ಜನಕ್ಕೆ ಶಿಸ್ತಿಲ್ಲ. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಾಕಂದರೆ ಗಮನವಿಟ್ಟು ನೋಡಿದರೆ ಬಹಳ ಜನ ಇಳಿಸುತ್ತಾರೆ. ನಾವು ಡಿಪ್ ಮಾಡಿ ತೋರಿಸಿದ ಕೂಡಲೇ ಅವರೂ ಇಳಿಸುತ್ತಾರೆ. ಒಂದು ಕ್ಷಣ ಅಷ್ಟೇ, ತಿರುಗಿ ಹೈ. ಇಳಿಸಲು ಮನಸ್ಸಿದೆ, ಇಳಿಸಿದ ಮೇಲೆ ಹಾಗೇ ಇರಲು ಆಗುತ್ತಿಲ್ಲ. ಯಾಕೆ ಅನ್ನುವುದು ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸಿಕ್ಕಿದ್ದು ನಮ್ಮದೇ ಕಾರಿನ ಡೂಮ್, ಅಂದರೆ ಹೆಡ್‌ಲೈಟಿನ ಇಡೀ ಗೂಡು, ಬಿಚ್ಚಿದಾಗ.

ನಮ್ಮದು ಹಳೆಯ ಕಾರು. ಅಪ್ಪ ನಿವೃತ್ತರಾದಾಗ ಕೊಂಡದ್ದು. ಆ ಮಾಡೆಲ್ಲು ನಿಂತು ಎಷ್ಟೋ ವರ್ಷವಾಗಿದೆ, ಬಿಡಿಭಾಗ ಸಿಗುವುದು ಕಷ್ಟ. ಇಂಜಿನ್ನು ಮಾತ್ರ ಇವತ್ತಿಗೂ ಗಟ್ಟಿ. ಮಾರುವ ಮನಸ್ಸು ನಮಗಿಲ್ಲ. ಹೆಡ್‌ಲೈಟು ಮಾತ್ರ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಾ ಬಂತು. ಹೊರಗಿನ ಗ್ಲಾಸು ಬಿಸಿಲಿಗೆ ಹಳದಿಯಾಗಿತ್ತು, ಅದನ್ನು ಪಾಲಿಶ್ ಮಾಡಿಸಿದೆವು. ಹೊಸ ಬಲ್ಬ್ ಹಾಕಿಸಿದೆವು. ಗ್ಲಾಸು ಫಳಫಳ ಹೊಳೆಯಿತು, ರಸ್ತೆ ಮೇಲಿನ ಬೆಳಕು ಇದ್ದಷ್ಟೇ ಇತ್ತು.

ಚೌಡಾಪುರದ ಹತ್ತಿರ

ಮಾರ್ಗಶಿರ ಹುಣ್ಣಿಮೆಯ ಹಿಂದಿನ ರಾತ್ರಿ. ದತ್ತ ಜಯಂತಿಗೆ ಗಾಣಗಾಪುರಕ್ಕೆ ನಡೆದು ಹೋಗುವ ಜನ ರಸ್ತೆ ತುಂಬ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಗಲಿಗೆ ಚೀಲ, ತಲೆಗೆ ಮಫ್ಲರು ಇಲ್ಲವೇ ಸೆರಗು, ಮನೆಮಂದಿಯೆಲ್ಲ ಸಾಲಾಗಿ ನಡೆಯುತ್ತಿರುತ್ತಾರೆ. ಅದೇ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್, ಹಿಂಬದಿಗೆ ಒಂದು ಕೆಂಪು ದೀಪವೂ ಇರುವುದಿಲ್ಲ. ನಾನು ಊರ ಕಡೆ ಬರುತ್ತಿದ್ದೆ. ಬೆಳದಿಂಗಳು ಚೆನ್ನಾಗಿತ್ತು, ತೊಗರಿ ಹೊಲ ದೂರದವರೆಗೆ ಕಾಣುತ್ತಿತ್ತು. ಎದುರಿಗೆ ಲಾರಿ ಬಂತು, ಪೂರ್ತಿ ಹೈ ಬೀಮಿನಲ್ಲಿ. ನಾನು ಡಿಪ್ ಮಾಡಿದೆ. ಕೂಡಲೇ ನನ್ನ ಮುಂದಿನ ರಸ್ತೆ ಇಲ್ಲವಾಯಿತು. ಬಾನೆಟ್ಟಿನ ಮುಂದೆ ಒಂದು ಮಂಕು ತೇಪೆ, ಅದರಾಚೆ ಬರೀ ಕಪ್ಪು. ಗಾಡಿ ನಿಧಾನ ಮಾಡಿ ಎಡಕ್ಕೆ ಹಿಡಿದೆ. ಲಾರಿ ದಾಟಿದ ಮೇಲೆ ನೋಡುತ್ತೇನೆ, ಬಂಪರಿನಿಂದ ಮಾರು ದೂರದಲ್ಲಿ ನಾಲ್ಕೈದು ಜನ ನಡೆಯುತ್ತಿದ್ದಾರೆ. ಬ್ರೇಕ್ ಒತ್ತಿದೆ. ಗಾಡಿ ನಿಂತಿತು.

ಇಳಿದು ಹೋಗಿ ಮಾತಾಡಿಸಿದೆ. ಯಾರಿಗೂ ಏನೂ ಆಗಿರಲಿಲ್ಲ. ಗುಂಪಿನಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರು. ಬರಿಗಾಲು, ಕೈಯಲ್ಲಿ ಕೋಲು. ಸಿಟ್ಟು ಮಾಡಲಿಲ್ಲ. "ಹಿಂದ ಗಾಡಿ ಬರೂದು ಗೊತ್ತೇ ಆಗ್ಲಿಲ್ಲ ನೋಡವ್ವ. ನಿನ್ನ ಗಾಡಿ ಬೆಳಕು ನಮ್ಮ ಕಾಲಿನ ತನಾನೂ ಬರ್ಲಿಲ್ಲ" ಅಂದರು. ಅಲ್ಲಿಯವರೆಗೆ ಹೆಡ್‌ಲೈಟು ಅಂದರೆ ನನಗೆ ರಸ್ತೆ ಕಾಣಲಿಕ್ಕೆ ಇರುವುದು ಅಂತಲೇ ನನ್ನ ಲೆಕ್ಕ. ಮುಂದೆ ನಡೆಯುವವರಿಗೂ ಅದು ಒಂದು ಸುದ್ದಿ. ಹಿಂದಿನಿಂದ ಬೆಳಕು ಬಂದರೆ ಅವರ ನೆರಳು ಉದ್ದವಾಗಿ ಮುಂದೆ ಬೀಳುತ್ತದೆ, ತಿರುಗಿ ನೋಡದೆಯೇ ಬದಿಗೆ ಸರಿಯುತ್ತಾರೆ. ಆ ರಾತ್ರಿ ಅವರ ಮುಂದೆ ನೆರಳು ಬೀಳಲೇ ಇಲ್ಲ.

ಮೇಲಿನ ಅರ್ಧ ಸುಟ್ಟಿತ್ತು

ರಿಂಗ್ ರೋಡಿನಲ್ಲಿ ನಮ್ಮ ಗಾಡಿ ನೋಡುವ ಮಿಸ್ತ್ರಿಯೊಬ್ಬರಿದ್ದಾರೆ. ಅಪ್ಪನ ಕಾಲದಿಂದಲೂ ಅವರೇ. ಎಲ್ಲರಿಗೂ ಅವರು ಉಸ್ತಾದ್, ನನಗೆ ಚಾಚಾ. ಮರುದಿನ ಅವರ ಹತ್ತಿರ ಹೋದೆ. ಲೈಟು ಹಾಕಿಸಿ ನೋಡಿದರು, ಡಿಪ್, ಹೈ, ಮತ್ತೆ ಡಿಪ್. "ಬಲ್ಬಿಗೆ ಏನೂ ಆಗಿಲ್ರಿ ಮೇಡಂ" ಅಂದರು. ಹಿಂದಿನ ಕನೆಕ್ಟರ್ ಎಳೆದು, ರಬ್ಬರ್ ಕ್ಯಾಪು ತೆಗೆದರು. ಕ್ಯಾಪು ನಮ್ಮ ಬಿಸಿಲಿಗೆ ಒಣಗಿ ಸೀಳಿತ್ತು. ಬಲ್ಬ್ ಹೊರಗೆ ತೆಗೆದು ಆ ತೂತಿನಿಂದ ಮೊಬೈಲ್ ಟಾರ್ಚು ಬಿಟ್ಟು ನನಗೆ ಮುಂದಿನಿಂದ ನೋಡಲು ಹೇಳಿದರು.

ಕೂತು ನೋಡಿದೆ. ಬಲ್ಬಿನ ಸುತ್ತ ಬಟ್ಟಲಿನಂತೆ ಇರುವ ಕನ್ನಡಿಗೆ ರಿಫ್ಲೆಕ್ಟರ್ ಅನ್ನುತ್ತಾರೆ. ಅದರ ಕೆಳಗಿನ ಅರ್ಧ ಈಗಲೂ ಕನ್ನಡಿಯಂತೆಯೇ ಇತ್ತು, ಟಾರ್ಚಿನ ಬೆಳಕು ಅಲ್ಲಿ ಚುರುಕಾಗಿ ಮಿಂಚಿತು. ಮೇಲಿನ ಅರ್ಧದಲ್ಲಿ ಬಲ್ಬಿನ ನೆತ್ತಿಗೆ ಸರಿಯಾಗಿ ಅಂಗೈ ಅಗಲದ ಬೂದಿ ಬಣ್ಣದ ಕಲೆ. ನಡುವೆ ಕಂದು, ಅಂಚಿನಲ್ಲಿ ಕಾಮನಬಿಲ್ಲಿನ ಹಾಗೆ ಬಣ್ಣ. ಕೆಲವು ಕಡೆ ಪದರ ಎದ್ದು ಸುರುಳಿಯಾಗಿ ಕೆಳಗಿನ ಪ್ಲಾಸ್ಟಿಕ್ಕು ಕಾಣುತ್ತಿತ್ತು. ತಳದಲ್ಲಿ ನುಣ್ಣನೆಯ ಧೂಳು, ಒಂದು ಸತ್ತ ಪತಂಗ. ನಮ್ಮ ಕಡೆಯ ಧೂಳು ಗೊತ್ತಲ್ಲ, ಶಹಾಬಾದಿ ಕಲ್ಲಿನದು, ವಾಡಿ ಕಡೆಯ ಸಿಮೆಂಟಿನದು. ಸೀಳಿದ ಕ್ಯಾಪಿನಲ್ಲಿ ಒಳಗೆ ಹೋಗಲು ಅದಕ್ಕೆ ಅಷ್ಟು ಜಾಗ ಸಾಕು. ಕೈ ಹಾಕಿ ಒರೆಸಲು ಹೋದೆ, ಚಾಚಾ ತಡೆದರು. "ಕೈ ಹಚ್ಚಬ್ಯಾಡ್ರಿ. ಅರಿವಿ ಹಚ್ಚಿದ್ರ ಇದ್ದದ್ದೂ ಹೋಗ್ತದ." ತೋರಿಸಲೆಂದೇ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಂದು ಮೂಲೆಯಲ್ಲಿ ಹಗುರವಾಗಿ ಎಳೆದರು. ಹತ್ತಿ ಕಪ್ಪಾಯಿತು, ಎಳೆದ ಜಾಗದಲ್ಲಿ ಹೊಳಪಿನ ಬದಲು ಪ್ಲಾಸ್ಟಿಕ್ಕು. "ಹಿತ್ತಾಳಿ ಬೋಗಣಿಗೆ ಕಲಾಯಿ ಹೋದಂಗ ಆಗ್ಯಾದ್ರಿ. ಮ್ಯಾಲಿಂದು ಸುಟ್ಟದ, ಕೆಳಗಿಂದು ಹಂಗೇ ಅದ. ಅದಕ್ಕ ನಿಮ್ಗ ಹೈ ಬರ್ತದ, ಡಿಪ್ ಬರಂಗಿಲ್ಲ."

ಈ ಕೊನೆಯ ಮಾತಿನಲ್ಲೇ ನನ್ನ ಪ್ರಶ್ನೆಗೆ ಉತ್ತರ ಇತ್ತು. ಮನೆಗೆ ಬಂದು ಓದಿ ನೋಡಿದ ಮೇಲೆ ಪೂರ್ತಿ ಅರ್ಥವಾಯಿತು. ನಮ್ಮಂಥ ಹಳೆಯ ಕಾರುಗಳಲ್ಲಿ ಜಾಸ್ತಿ ಇರುವುದು ಎಚ್4 ಅನ್ನುವ ಹ್ಯಾಲೊಜೆನ್ ಬಲ್ಬು. 1971ರಲ್ಲಿ ಬಂದದ್ದು. ಒಂದೇ ಗಾಜಿನ ಬುರುಡೆಯೊಳಗೆ ಎರಡು ತಂತಿ, ಹೈಗೆ 60 ವ್ಯಾಟ್, ಡಿಪ್‌ಗೆ 55 ವ್ಯಾಟ್. ಡಿಪ್‌ನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಬೆಳಕು ಕೆಳಕ್ಕೆ ಹೋಗದಂತೆ ಅದು ತಡೆಯುತ್ತದೆ. ಅಂದರೆ ಡಿಪ್ ಹಾಕಿದಾಗ ಬೆಳಕು ಬೀಳುವುದು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ. ಅಲ್ಲಿಂದ ತಿರುಗಿ ರಸ್ತೆಯ ಕಡೆ ಇಳಿಯುತ್ತದೆ. ಹೈ ಹಾಕಿದಾಗ ಮೇಲೆ ಕೆಳಗೆ ಎಲ್ಲ ಭಾಗವೂ ಕೆಲಸ ಮಾಡುತ್ತದೆ.

ಈಗ ಬಿಸಿಯ ಲೆಕ್ಕ ಸೇರಿಸಿ ನೋಡಿ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ. ಹಾಗಾಗಿ ಮೊದಲು ಸುಡುವುದು ಬಲ್ಬಿನ ನೆತ್ತಿಯ ಮೇಲಿನ ಭಾಗ. ಡಿಪ್‌ಗೆ ಅದೇ ಆಧಾರ. ಹೈ ಬೀಮಿಗೆ ಇನ್ನೂ ಕೆಳಗಿನ ಅರ್ಧ ಉಳಿದಿರುತ್ತದೆ. ಹೀಗೆ ಇಂಥ ಬಲ್ಬಿನ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಡಿಪ್. ಡ್ರೈವರ್ ಇಳಿಸುತ್ತಾನೆ, ರಸ್ತೆ ಕಾಣುವುದಿಲ್ಲ, ಹೆದರಿ ತಿರುಗಿ ಏರಿಸುತ್ತಾನೆ. ಎದುರಿನವನ ಕಣ್ಣು ಕುರುಡಾಗುತ್ತದೆ, ಅವನೂ ಏರಿಸುತ್ತಾನೆ. ಶಿಸ್ತಿಲ್ಲದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಒಂದು ಕ್ಷಣ ಇಳಿಸಿ ಏರಿಸುವವರಲ್ಲಿ ಬಹಳ ಜನರ ಕಷ್ಟ ಇದೇ ಇರಬೇಕು ಅಂತ ನನ್ನ ನಂಬಿಕೆ.

ಹೊಳೆಯುವುದೆಲ್ಲ ಕನ್ನಡಿ ಅಲ್ಲ

ಬಲ್ಬಿನ ಬಗ್ಗೆ ನಮಗೆ ಇರುವಷ್ಟು ಕಾಳಜಿ ಅದರ ಹಿಂದಿನ ಕನ್ನಡಿಯ ಬಗ್ಗೆ ಇಲ್ಲ. ಬಲ್ಬು ಬೆಳಕನ್ನು ಸುತ್ತಲೂ ಚೆಲ್ಲುತ್ತದೆ. ಅದನ್ನೆಲ್ಲ ಕೂಡಿಸಿ ಒಂದು ದಿಕ್ಕಿಗೆ ಕಳಿಸುವುದು ಕನ್ನಡಿ. ಆ ಕನ್ನಡಿ ಅಂದರೆ ಅಲ್ಯೂಮಿನಿಯಮ್ಮಿನ ಒಂದು ಪದರ. ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ಕೆಳಗೆ ನುಣುಪು ಕೊಡುವ ಲ್ಯಾಕರ್, ಮೇಲೆ ಕಾಪಾಡುವ ಇನ್ನೊಂದು ತೆಳು ಲೇಪ. ಸರಿಯಾಗಿದ್ದರೆ ಬಿದ್ದ ಬೆಳಕಿನಲ್ಲಿ ಹತ್ತಿರ ಹತ್ತಿರ ನೂರಕ್ಕೆ 90ರಷ್ಟನ್ನು ಅದು ವಾಪಸ್ ಕಳಿಸುತ್ತದೆ.

ರಿಪೇರಿ ಅಂತ ವಿಚಾರಿಸಿದಾಗ ತಲೆಗೊಂದು ಸಲಹೆ ಬಂತು. 90/100 ವ್ಯಾಟಿನ ಬಲ್ಬ್ ಹಾಕಿಸಿ ಅಂದವರೇ ಜಾಸ್ತಿ. ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಸುಟ್ಟ ಕನ್ನಡಿಗೆ ಇನ್ನಷ್ಟು ಬಿಸಿ ಕೊಟ್ಟರೆ ಉಳಿದದ್ದೂ ಸುಡುತ್ತದೆ, ಹೋಲ್ಡರು ಕರಗುತ್ತದೆ, ಹಳೆಯ ವೈರಿಂಗಿಗೂ ಅಪಾಯ. ಎಲ್ಇಡಿ ಹಾಕಿ ಅಂದರು ಕೆಲವರು. ಹ್ಯಾಲೊಜೆನ್ನಿಗೆ ಅಂತ ಮಾಡಿದ ರಿಫ್ಲೆಕ್ಟರಿಗೆ ತಂತಿ ಎಲ್ಲಿರಬೇಕೋ ಅಲ್ಲೇ ಬೆಳಕು ಹುಟ್ಟಬೇಕು. ಎಲ್ಇಡಿಯ ಚಿಪ್ಪಿನ ಆಕಾರ, ಜಾಗ ಬೇರೆ. ಬೆಳಕು ಬೇಕಾದ ಕಡೆ ಕೂರುವುದಿಲ್ಲ, ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ಕನ್ನಡಿ ಸುಟ್ಟಿದ್ದರೆ ಇನ್ನೂ ಕಷ್ಟ. ಕೂತು ನೋಡುವವನಿಗೆ ಬೆಳ್ಳಗೆ ಕಾಣುತ್ತದೆ ಅಂತ ಸಮಾಧಾನ, ದೂರದ ರಸ್ತೆಗೆ ಬೆಳಕು ಹೋಗಿರುವುದಿಲ್ಲ.

ಇನ್ನು ಅಡುಗೆಮನೆಯ ಫಾಯಿಲ್ ಅಂಟಿಸುವುದು, ಸ್ಪ್ರೇ ಡಬ್ಬಿಯ ಕ್ರೋಮ್ ಬಣ್ಣ ಹೊಡೆಯುವುದು. ಎರಡೂ ನೋಡಲಿಕ್ಕೆ ಹೊಳೆಯುತ್ತವೆ. ಆದರೆ ರಿಫ್ಲೆಕ್ಟರಿನ ಕೆಲಸ ಹೊಳೆಯುವುದಲ್ಲ, ಪ್ರತಿ ಕಿರಣವನ್ನೂ ಗುರಿಗೆ ಹೊಡೆಯುವುದು. ಫಾಯಿಲ್ಲಿನ ಒಂದೊಂದು ಸುಕ್ಕೂ ಕಿರಣವನ್ನು ಒಂದೊಂದು ಕಡೆ ಎಸೆಯುತ್ತದೆ. ಸ್ಪ್ರೇ ಬಣ್ಣ ಹತ್ತಿರದಿಂದ ನೋಡಿದರೆ ಬೂದಿ. ಮೇಲಾಗಿ ಬಿಸಿಗೆ ಅದು ಆವಿ ಬಿಡುತ್ತದೆ, ಆ ಆವಿ ಗ್ಲಾಸಿನ ಒಳಗೆ ಮಂಜಾಗಿ ಕೂರುತ್ತದೆ. ನಿಜವಾದ ಕ್ರೋಮ್ ಪ್ಲೇಟಿಂಗ್ ಮಾಡಿಸಿದರೂ ಬೆಳಕು ವಾಪಸ್ ಬರುವುದು ನೂರಕ್ಕೆ 65ರ ಆಸುಪಾಸು. ಬಂಪರಿಗೆ ಅದು ಸರಿ, ಲೈಟಿಗೆ ಅಲ್ಲ. ಬೆಳ್ಳಿ ಎಲ್ಲಕ್ಕಿಂತ ಚೆನ್ನಾಗಿ ಬೆಳಕು ಕೊಡುತ್ತದೆ, ಆದರೆ ಗಾಳಿಗೆ ಕಪ್ಪಾಗುತ್ತದೆ. ದೂರದರ್ಶಕದ ಕನ್ನಡಿಗಳಿಗೂ ಮೊದಲು ಬೆಳ್ಳಿಯನ್ನೇ ಬಳಿಯುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಸ್ಟ್ರಾಂಗ್ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿ ಕೂರಿಸುವುದನ್ನು ರೂಢಿಗೆ ತಂದರು. 1935ರಲ್ಲಿ ಅಲ್ಲಿನ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ಕನ್ನಡಿಗೇ ಹಾಗೆ ಮಾಡಿದರು. ನಮ್ಮ ದೇಶದಲ್ಲೇ, ತಮಿಳುನಾಡಿನ ಕಾವಲೂರಿನ ವೈನು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಗೂ ಆಗಾಗ ಹಳೆಯ ಪದರ ತೆಗೆದು ಹೊಸದು ಕೂರಿಸುತ್ತಾರೆ, ಅದಕ್ಕೆ ಬೇಕಾದ ಯಂತ್ರ ಅಲ್ಲೇ ಇದೆ. ನಕ್ಷತ್ರ ನೋಡುವ ಕನ್ನಡಿಗೂ ನಮ್ಮ ಕಾರಿನ ಡೂಮಿಗೂ ಪದರ ಒಂದೇ. ಇದು ತಿಳಿದಾಗ ನನಗೆ ಆದ ಖುಷಿ ಹೇಳತೀರದು. ಅಷ್ಟು ದೊಡ್ಡ ಕನ್ನಡಿಗೆ ಮರುಲೇಪ ಸಾಧ್ಯವಾದರೆ ಇದಕ್ಕೆ ಯಾಕಿಲ್ಲ ಅನ್ನಿಸಿತು.

ಟ್ರೋಫಿಗಳ ನಡುವೆ

ನಮ್ಮೂರಲ್ಲಿ ಈ ಕೆಲಸ ಮಾಡುವವರು ಸಿಗಲಿಲ್ಲ. ಹೈದರಾಬಾದಿನಲ್ಲಿ ನನ್ನ ತಂಗಿ ಇದ್ದಾಳೆ. ಅವಳು ಹುಡುಕಿ ಒಂದು ಶೆಡ್ಡು ಪತ್ತೆ ಮಾಡಿದಳು. ಪ್ಲಾಸ್ಟಿಕ್ ಟ್ರೋಫಿ, ಸೆಂಟ್ ಬಾಟಲಿಯ ಮುಚ್ಚಳ, ಆಟಿಕೆ, ಇಂಥವಕ್ಕೆ ಹೊಳಪು ಕೂರಿಸುವವರು. ಚಾಚಾ ಡೂಮಿನ ಅಂಚಿಗೆ ಬಿಸಿ ಗಾಳಿ ಹಿಡಿದು, ಅಂಟು ಮೆತ್ತಗಾದಂತೆ ಒಂದೊಂದೇ ಕ್ಲಿಪ್ಪು ಬಿಡಿಸಿ ಗ್ಲಾಸು ಬೇರೆ ಮಾಡಿದರು. ಇಲ್ಲಿ ಅವಸರ ಮಾಡಿದರೆ ಗ್ಲಾಸು ಸೀಳುತ್ತದೆ. ರಿಫ್ಲೆಕ್ಟರುಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಿದೆವು. ಕಳಿಸುವ ಮುಂಚೆ ಚಾಚಾ ಎರಡು ಮಾತು ಹೇಳಿಕೊಟ್ಟರು. ಹಳೆಯ ಪದರ ತೆಗೆಯುವಾಗ ಪಾಲಿಶ್ ಕಾಗದ ಹಾಕಬಾರದು, ಉಜ್ಜಿದರೆ ಒಳಗಿನ ಬಾಗು ಕೆಡುತ್ತದೆ. ಮೇಲಿನ ವಾರ್ನಿಶ್ಶು ಬಿಸಿ ತಡೆಯುವಂಥದ್ದು ಇರಬೇಕು, ಟ್ರೋಫಿಗೆ ಹಾಕುವುದು ನಡೆಯುವುದಿಲ್ಲ. ಎರಡನೆಯದು ಬಹಳ ಮುಖ್ಯ. ಶೋಕೇಸಿನಲ್ಲಿ ಕೂರುವ ಟ್ರೋಫಿಗೆ ಬಿಸಿ ಎಲ್ಲಿಂದ ಬರಬೇಕು? ಶೆಡ್ಡಿನವರು ಮೊದಲು ಒಪ್ಪಲಿಲ್ಲ, ಆಮೇಲೆ ಬೇರೆ ಲ್ಯಾಕರ್ ತರಿಸಿದರು.

ವಾಪಸ್ ತರಲು ನಾನೇ ಹೋಗಿದ್ದೆ. ಕೋಣೆಯಷ್ಟು ದೊಡ್ಡ ಉಕ್ಕಿನ ಡ್ರಮ್ಮು, ಮುಂದೆ ಭಾರೀ ಬಾಗಿಲು. ಒಳಗೆ ನಡುವೆ ಸಾಲಾಗಿ ಟಂಗ್‌ಸ್ಟನ್ ಸುರುಳಿಗಳು, ಪ್ರತಿ ಸುರುಳಿಗೆ ಅಲ್ಯೂಮಿನಿಯಂ ತಂತಿಯ ಚೂರು ಸಿಕ್ಕಿಸಿರುತ್ತಾರೆ. ಸುತ್ತ ತಿರುಗುವ ಚೌಕಟ್ಟಿನಲ್ಲಿ ಮಾಲು. ಗಾಳಿ ಹೊರಗೆ ಎಳೆಯಲಿಕ್ಕೇ ಹೊತ್ತು ಹಿಡಿಯುತ್ತದೆ. ಆಮೇಲೆ ಸುರುಳಿಗೆ ಕರೆಂಟು ಬಿಟ್ಟರೆ ಚೂರು ಕರಗಿ ಆವಿಯಾಗಿ ಎಲ್ಲದರ ಮೇಲೂ ಕೂರುತ್ತದೆ. ಆ ಭಾಗ ಮುಗಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಗಾಳಿ ಯಾಕೆ ತೆಗೆಯಬೇಕು ಅಂದರೆ, ಗಾಳಿ ಇದ್ದರೆ ಆವಿ ಅದಕ್ಕೆ ಡಿಕ್ಕಿ ಹೊಡೆದು ಕಪ್ಪು ಪುಡಿಯಾಗುತ್ತದೆ, ಕನ್ನಡಿಯಾಗುವುದಿಲ್ಲ. ನಮ್ಮ ರಿಫ್ಲೆಕ್ಟರುಗಳು ಯಾವುದೋ ಕ್ರಿಕೆಟ್ ಟೂರ್ನಮೆಂಟಿನ ಕಪ್ಪುಗಳ ಪಕ್ಕ ಒಣಗಲು ಕೂತಿದ್ದವು. ಬಗ್ಗಿ ನೋಡಿದರೆ ಚಾವಣಿಯ ಟ್ಯೂಬ್‌ಲೈಟು ಅದರಲ್ಲಿ ಚೂರು ಚೂರಾಗಿ, ಆದರೆ ಗೆರೆ ಹಿಡಿದಂತೆ ಸ್ಪಷ್ಟವಾಗಿ ಕಂಡಿತು.

ಒಂದು ಮಾತು ಇಲ್ಲೇ ಹೇಳಬೇಕು. ನಿಮ್ಮ ಕಾರಿಗೆ ಹೊಸ ಡೂಮ್ ಸಿಗುವಂತಿದ್ದರೆ ಇಷ್ಟೆಲ್ಲ ಓಡಾಟ ಬೇಡ, ಹೊಸದನ್ನೇ ಹಾಕಿಸಿ. ಅಂಬಾಸಿಡರ್, ಪದ್ಮಿನಿ, ಹಳೆಯ ಜೀಪು, ಇವಕ್ಕೆಲ್ಲ 7 ಇಂಚಿನ ದುಂಡು ಡೂಮ್. ಬುಲೆಟ್ಟಿಗೂ ಅದೇ ಅಳತೆ. ಒಂದು ಹೋದರೆ ಇನ್ನೊಂದು ಯಾವ ಅಂಗಡಿಯಲ್ಲೂ ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಆಮೇಲೆ ಮಾಡೆಲ್ಲಿಗೊಂದು ಆಕಾರ ಬಂತು. ನೋಡಲು ಚೆಂದ, ಆದರೆ ಮಾಡೆಲ್ ನಿಂತ ದಿನವೇ ಅದರ ಲೈಟಿಗೂ ಆಯಸ್ಸು ಮುಗಿದಂತೆ. ಗಟ್ಟಿ ಇಂಜಿನ್ನಿನ ಗಾಡಿ ಒಂದು ಕನ್ನಡಿ ಸಿಗಲಿಲ್ಲ ಅಂತ ಗುಜರಿಗೆ ಹೋಗುವುದು ನನಗೆ ಸಂಕಟ. ಇನ್ನೊಂದು, ಹೊರದೇಶದಿಂದ ಹಳೆಯ ಡೂಮ್ ತರಿಸುವವರು ಅದು ಯಾವ ಕಡೆಯ ರಸ್ತೆಯದು ಅಂತ ನೋಡಬೇಕು. ನಮ್ಮಲ್ಲಿ ಎಡಕ್ಕೆ ಓಡಿಸುತ್ತೇವೆ, ಡಿಪ್ ಬೆಳಕು ಎಡ ಅಂಚಿಗೆ ಸ್ವಲ್ಪ ಮೇಲೇರುತ್ತದೆ. ಬಲಕ್ಕೆ ಓಡಿಸುವ ದೇಶದ ಡೂಮ್ ಹಾಕಿದರೆ ಆ ಏರು ಎದುರಿನವರ ಕಣ್ಣಿಗೇ ಹೋಗುತ್ತದೆ.

ವೈರು ಮತ್ತು ಗೋಡೆ

ಕನ್ನಡಿ ಬಂತು ಅಂತ ಕೆಲಸ ಮುಗಿಯಲಿಲ್ಲ. ಚಾಚಾ ಮೀಟರ್ ಹಿಡಿದು ನೋಡಿದರು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5 ವೋಲ್ಟ್, ಬಲ್ಬಿನ ಹತ್ತಿರ ಬರೀ 12. ಒಂದೂವರೆ ವೋಲ್ಟ್ ಹಳೆಯ ಸ್ವಿಚ್ಚು, ವೈರು, ತುಕ್ಕು ಹಿಡಿದ ಅರ್ಥಿಂಗ್ ಜೋಡಣೆಯಲ್ಲೇ ಹೋಗುತ್ತಿತ್ತು. ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜು ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. ಇಷ್ಟು ಇಳಿತಕ್ಕೆ ಮೂರರಲ್ಲಿ ಒಂದು ಭಾಗ ಬೆಳಕು ಹೋದ ಹಾಗೆ. ಅದಕ್ಕೆ ಚಾಚಾ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದರು, ನಡುವೆ ಫ್ಯೂಸು, ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಕಿ ತೆಗೆಯುವ ಸ್ವಿಚ್ಚು. ಹಳೆಯ ಸ್ವಿಚ್ಚು ಈಗ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ. ಬಲ್ಬು ಅದೇ 60/55. ಹಿಂದೆ ಹೊಸ ರಬ್ಬರ್ ಕ್ಯಾಪು. ಡೂಮಿನೊಳಗೆ ಗಾಳಿ ಆಡುವ ಸಣ್ಣ ಪೈಪನ್ನು ಮುಚ್ಚಲಿಲ್ಲ. ಅದನ್ನು ಮುಚ್ಚಿದರೆ ತೇವ ಒಳಗೇ ಉಳಿದು ಹೊಸ ಪದರವನ್ನು ತಿನ್ನುತ್ತದೆ.

ಕೊನೆಗೆ ಗೋಡೆ. ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಮುಂದೆ ನೆಲ ಸಮವಾಗಿದೆ. ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ, ಬಲ್ಬಿನ ಎತ್ತರಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಡಿಪ್ ಬೆಳಕಿನ ಮೇಲಂಚು ಆ ಕೆಳಗಿನ ಗೆರೆಗೆ ಕೂರಬೇಕು. ಚಾಚಾ ಹಿಂದಿನ ಸ್ಕ್ರೂ ತಿರುಗಿಸುತ್ತಾ ಹೋದರು, ನಾನು ಗೋಡೆಯ ಹತ್ತಿರ ನಿಂತು ಹೇಳುತ್ತಾ ಹೋದೆ. ಬೆಳಕಿಗೆ ಒಂದು ಅಂಚು ಇರುತ್ತದೆ ಅನ್ನುವುದನ್ನೇ ಎಷ್ಟೋ ವರ್ಷದಿಂದ ನಮ್ಮ ಕಾರಿನಲ್ಲಿ ನೋಡಿರಲಿಲ್ಲ. ಕೆಳಗೆ ಪೂರ್ತಿ ಬೆಳಕು, ಮೇಲೆ ಪೂರ್ತಿ ಕತ್ತಲೆ, ನಡುವೆ ಚೂಪಾದ ಗೆರೆ, ಎಡಕ್ಕೆ ಸ್ವಲ್ಪ ಏರು. ಆ ಅಂಚಿನ ಮೇಲೆ ಎದುರಿನ ಡ್ರೈವರನ ಕಣ್ಣು, ಅಂಚಿನ ಕೆಳಗೆ ನಡೆಯುವವರ ಕಾಲು. ಕನ್ನಡಿ ಸುಟ್ಟಾಗ ಹೋಗುವುದು ಬರೀ ಬೆಳಕಲ್ಲ, ಈ ಗೆರೆಯೂ ಹೋಗುತ್ತದೆ.

ಈಗ ಡಿಪ್ ಹಾಕಿ ಹಾಕಿದಲ್ಲೇ ಬಿಡುತ್ತೇನೆ. ಎದುರಿನವರು ಒಮ್ಮೊಮ್ಮೆ ಇಳಿಸುತ್ತಾರೆ, ಒಮ್ಮೊಮ್ಮೆ ಇಲ್ಲ.

15 ವರ್ಷ ಮುಗಿದ ಖಾಸಗಿ ಕಾರಿನ ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು, 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಗಾಡಿ ತೋರಿಸಬೇಕು. ಆಗ ಲೈಟು ಹತ್ತುತ್ತದೆಯೇ ಅಂತ ನೋಡಿದರೆ ಸಾಲದು. ಡಿಪ್ ಹಾಕಿಸಿ, ಗೋಡೆಯ ಮೇಲೆ ಅಂಚು ಬೀಳುತ್ತದೆಯೇ ಅಂತ ನೋಡಬೇಕು. ಕಣ್ಣಿಗೆ ಕಾಣುವ ಪರೀಕ್ಷೆ, ದುಬಾರಿ ಯಂತ್ರವೇ ಬೇಕು ಅಂತಿಲ್ಲ. ಚಾಚಾ ತಮ್ಮ ಗ್ಯಾರೇಜಿನ ಎದುರು ಗೋಡೆಗೆ ಈಗ ಎರಡು ಗೆರೆ ಎಳೆಸಿದ್ದಾರೆ. ಆಯಿಲ್ ಬದಲಿಸಲು ಬಂದವರನ್ನೂ ಸಂಜೆ ಹೊತ್ತು ಅಲ್ಲಿ ನಿಲ್ಲಿಸಿ ಡಿಪ್ ತೋರಿಸುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಕಬ್ಬಿನ ಹಂಗಾಮು ಶುರುವಾಗುವ ಮೊದಲು ಟ್ರ್ಯಾಕ್ಟರಿನವರನ್ನೂ ಕರೆಸಬೇಕು ಅಂತ ಅವರ ಯೋಚನೆ. ಮುಂದಿನ ಲೈಟಿನ ಜೊತೆಗೆ ಟ್ರೇಲರಿನ ಹಿಂಬದಿಗೆ ಕೆಂಪು ರೇಡಿಯಂ ಪಟ್ಟಿಯನ್ನೂ ಅಂಟಿಸಿ ಕಳಿಸುತ್ತಾರಂತೆ. ಪಟ್ಟಿಯ ಖರ್ಚು ನನ್ನದು ಅಂತ ಹೇಳಿದ್ದೇನೆ.